ಮದ್ದಿನ ಮಾತು ತಾಯಿಗೆ ತಿಳಿಯಲಿ

ಮಕ್ಕಳ ವಾಂತಿಭೇದಿ ಎಂದರೆ ಮಳೆಗಾಲದ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಎಳೆಯ ಮಕ್ಕಳನ್ನು ಕಾಡುವ ರೋಟಾ ವೈರಸ್ ದೇಶದ ಬಹುಭಾಗದಲ್ಲಿ ಬಲಗೊಳ್ಳುವುದು ಚಳಿಗಾಲದಲ್ಲಿ. ಇದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಕೂಸಿನ ಪ್ರಾಣಕ್ಕೆ ಎರವಾಗುವುದು ದೇಹದಿಂದ ಹರಿದುಹೋಗುವ ನೀರು ಮತ್ತು ಲವಣ.

ಇದಕ್ಕೆ ಪರಿಹಾರ ದುಬಾರಿಯದಲ್ಲ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಅದೇ ಇಂದಿನ ಓ.ಆರ್.ಎಸ್. ವೈರಸ್ಸಿನ ಭೇದಿಗೂ ಅದೇ ಆಸರೆ. ರೋಟಾ ಲಸಿಕೆಯೂ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, 2019ರ ವೇಳೆಗೆ ದೇಶದೆಲ್ಲೆಡೆ ತಲಪಿತು. ಕೂಸಿಗೆ 6, 10 ಮತ್ತು 14 ವಾರಗಳಾದಾಗ ಇದನ್ನು ಬಾಯಿಯ ಮೂಲಕ ಉಚಿತವಾಗಿ ಕೊಡಲಾಗುತ್ತದೆ.

ಮದ್ದಿದೆ, ಲಸಿಕೆಯಿದೆ. ಕೊರತೆಯಿರುವುದು ತಿಳಿಯುವ ಮಾತಿನದು. ಸೋಲಾಪುರ ಜಿಲ್ಲೆಯ ಕಂದಲಗಾಂವವನ್ನೇ ನೋಡೋಣ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಆ ಸೀಮೆಯಲ್ಲಿ ಅನೇಕ ಮನೆಗಳ ಮಾತು ಕನ್ನಡ, ಸರಕಾರದ ಮಾತು ಮರಾಠಿ. ನಮ್ಮ ಜಿಲ್ಲೆಯಲ್ಲಿ ಮರಾಠಿಯ ಜಾಗದಲ್ಲಿ ಮಲೆಯಾಳವಿದೆ, ಅಷ್ಟೇ ವ್ಯತ್ಯಾಸ.

ಓ.ಆರ್.ಎಸ್. ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ ಬೆರೆಸುವಂಥದ್ದೂ ಉಂಟು, 200 ಮಿಲಿಲೀಟರಿನದೂ ಉಂಟು. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಕೂಸಿಗೆ ಅಪಾಯ. ಚಿಕ್ಕದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಅಕ್ಷರ ತಿಳಿಯದ ತಾಯಿ ಇದನ್ನು ಅರಿಯುವ ಬಗೆ ಹೇಗೆ? "ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ" ಎಂಬ ಹಳೆಯ ನಂಬಿಕೆಯನ್ನು ಅರ್ಥವಾಗದ ಭಾಷೆಯ ಭಿತ್ತಿಪತ್ರದಿಂದ ಅಳಿಸಲಾಗದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಬೇಕು, ಮೊಲೆಹಾಲು ನಿಲ್ಲಿಸಕೂಡದು, ವೈದ್ಯರು ಹೇಳಿದ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಬೇಕು, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇವೆಲ್ಲ ಮನೆಮಾತಿನಲ್ಲಿ ಹೇಳಿದರೆ ಮಾತ್ರ ಮನಸ್ಸಿಗೆ ಇಳಿಯುವ ಸಂಗತಿಗಳು.

ಕೇರಳದ 1969ರ ಅಧಿಕೃತ ಭಾಷಾ ಶಾಸನವು ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದೆಂದು ಹೇಳಿದೆ. ಅರ್ಜಿಗೆ ಸಲ್ಲುವ ಭಾಷೆ ಮದ್ದಿಗೆ ಸಲ್ಲದೇಕೆ? ಕನ್ನಡ ಪ್ರದೇಶದ ಪ್ರತಿಯೊಂದು ಅಂಗನವಾಡಿ, ಆರೋಗ್ಯ ಕೇಂದ್ರದಲ್ಲಿ ಕನ್ನಡದ ಸೂಚನಾಪತ್ರವಿರಬೇಕು; ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರಿರಬೇಕು. ಮಹಾರಾಷ್ಟ್ರ ಸರಕಾರವೂ ತನ್ನ ಗಡಿಯ ಕನ್ನಡಿಗರಿಗೆ ಇಷ್ಟನ್ನು ಒದಗಿಸಬೇಕು.

ಸರಕಾರ ಎಚ್ಚರಗೊಳ್ಳುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಎರಡೂ ಕಡೆ ಕನ್ನಡ ಶಾಲೆಗಳಿವೆ. ಶಾಲೆಯ ಹುಡುಗ ಹುಡುಗಿಯರು ಈ ನಾಲ್ಕು ಮಾತುಗಳನ್ನು ಬರೆದುಕೊಂಡು ಮನೆಯಲ್ಲಿ ಓದಿ ಹೇಳಲಿ. ಅಧ್ಯಾಪಕರು, ಪಂಚಾಯತು ಸದಸ್ಯರು ಈ ಚಳಿಗಾಲಕ್ಕೆ ಮುನ್ನವೇ ಇತ್ತ ಗಮನ ಹರಿಸುವರೆಂದು ನಾವು ಆಶಿಸುತ್ತೇವೆ.