ತುಟಿ ಒತ್ತಿದರೆ ತಾರಸ್ಥಾಯಿ ಬರಲ್ಲ

ಫೆಸ್ಟ್ ಹತ್ತಿರ ಬಂತು ಅಂದ್ರೆ ಬ್ಯಾಂಡ್ ರೂಮಿನಲ್ಲಿ ಒಂದೇ ಮಾತು: "ಮೇಲಿನ ಸ್ವರ ಬರ್ತಿಲ್ಲ, ಇನ್ನೂ ಜೋರಾಗಿ ಊದು ಮಗಾ!" ಟ್ರೊಂಬೋನ್, ಟ್ರಂಪೆಟ್, ಯುಫೋನಿಯಂ, ಯಾವುದೇ ಹಿತ್ತಾಳೆ ವಾದ್ಯ ಹಿಡಿದವರೂ ಈ ಸಲಹೆ ಕೇಳಿಯೇ ಇರ್ತಾರೆ. ಮೌತ್‌ಪೀಸನ್ನು ತುಟಿಗೆ ಒತ್ತಿ, ಮುಖ ಕೆಂಪಗೆ ಮಾಡಿಕೊಂಡು, ಹೇಗೋ ಆ ಸ್ವರ ಹಿಡಿದವರಿಗೆ ಶಿಳ್ಳೆ, ಚಪ್ಪಾಳೆಯೂ ಸಿಗುತ್ತೆ. ನಾವು ನೇರವಾಗಿ ಹೇಳಿಬಿಡ್ತೀವಿ: ಈ ಸಲಹೆ ತಪ್ಪು, ಅಪಾಯಕಾರಿ ಕೂಡ. ಇದನ್ನು ನಮ್ಮ ಕ್ಯಾಂಪಸ್ಸಿನಲ್ಲಿ ನಿಲ್ಲಿಸಬೇಕು.

ಹೇಗೂ ಇಂಜಿನಿಯರಿಂಗ್ ಓದ್ತಿದ್ದೀವಲ್ಲ, ಮೊದಲು ಲೆಕ್ಕ ನೋಡೋಣ. ಸ್ಲೈಡ್ ಪೂರ್ತಿ ಒಳಗಿದ್ದಾಗ ಟೆನರ್ ಟ್ರೊಂಬೋನಿನ ಕೊಳವೆ ಸುಮಾರು 2.7 ಮೀಟರ್ ಉದ್ದ. ಆ ಕೊಳವೆ ಎಲ್ಲ ಫ್ರೀಕ್ವೆನ್ಸಿಗೂ ಒಪ್ಪೋದಿಲ್ಲ. ಹೆಚ್ಚುಕಮ್ಮಿ 58 ಹರ್ಟ್ಸ್‌ನ ಗುಣಕಗಳಲ್ಲಿ, ಅಂದರೆ 116, 175, 233, 291, 350, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸ್ವರ ಕೊಡುತ್ತೆ. ಸ್ಲೈಡ್ ಹೊರಗೆ ಎಳೆದರೆ ಈ ಇಡೀ ಏಣಿ ಕೆಳಗೆ ಜಾರುತ್ತೆ. ಕೆಳಗಿನ ಮೆಟ್ಟಿಲುಗಳು ದೂರ ದೂರ. ಎರಡರಿಂದ ಮೂರಕ್ಕೆ ಹೋದರೆ ಷಡ್ಜದಿಂದ ಪಂಚಮಕ್ಕೆ ಹೋದಷ್ಟು ಅಂತರ. ಎಂಟರಿಂದ ಒಂಬತ್ತಕ್ಕೆ ಹೋದರೆ ಷಡ್ಜದಿಂದ ಚತುಶ್ರುತಿ ರಿಷಭದಷ್ಟೇ. ಕಾಲು ಸ್ವಲ್ಪ ತಪ್ಪಿದರೂ ಪಕ್ಕದ ಮೆಟ್ಟಿಲಿನ ಮೇಲೆ!

ಇನ್ನೊಂದು ವಿಷಯ. ಫ್ರೀಕ್ವೆನ್ಸಿ ಏರಿದಂತೆ ಬೆಲ್‌ನಿಂದ ಅಲೆ ಹೆಚ್ಚೆಚ್ಚು ಹೊರಗೆ ಹೋಗುತ್ತೆ, ಒಳಕ್ಕೆ ಪ್ರತಿಫಲಿಸಿ ವಾಪಸ್ ಬರೋದು ಕಡಿಮೆಯಾಗುತ್ತೆ. ಆ ವಾಪಸ್ ಬರುವ ಅಲೆಯೇ ತುಟಿಯ ಕಂಪನಕ್ಕೆ ಆಸರೆ. ಕೆಳಗಿನ ಸ್ವರದಲ್ಲಿ ಕೊಳವೆಯೇ ನಮ್ಮನ್ನು ಕೈಹಿಡಿದು ಸರಿಯಾದ ಜಾಗದಲ್ಲಿ ಕೂರಿಸುತ್ತೆ. ಮೇಲೆ ಹೋದಂತೆ ತುಟಿ ಮತ್ತು ಕಿವಿ ಎರಡೇ ಆ ಕೆಲಸ ಮಾಡಬೇಕು. ಎಂಟನೇ ಮೆಟ್ಟಿಲಿನಲ್ಲಿ ತುಟಿ ಸೆಕೆಂಡಿಗೆ 466 ಸಲ ತೆರೆದು ಮುಚ್ಚುತ್ತಿರುತ್ತೆ. ಅಷ್ಟು ಸೂಕ್ಷ್ಮ ಕೆಲಸ ಮಾಡುವ ಅಂಗದ ಮೇಲೆ ಲೋಹದ ಉಂಗುರ ಅದುಮಿ ಹಿಡಿದರೆ ಏನಾಗುತ್ತೆ? ರಕ್ತ ಓಡಾಟ ಕುಗ್ಗುತ್ತೆ, ತುಟಿ ಜೋಮು ಹಿಡಿಯುತ್ತೆ. ಮೊದಲ ಹಾಡಿಗೆ ಬಂದ ಸ್ವರ ಮೂರನೇ ಹಾಡಿಗೆ ಕೈಕೊಡುತ್ತೆ.

ನಿಜವಾಗಿ ಬೇಕಾದದ್ದು ಬೇರೆ. ತುಟಿಯ ಎರಡು ಮೂಲೆಗಳು ಬಿಗಿಯಾಗಿರಬೇಕು, ನಡುವಿನ ಭಾಗ ಸಡಿಲವಾಗಿ ಕಂಪಿಸಬೇಕು, ಗಾಳಿ ಹೋಗುವ ಸಂದು ಚಿಕ್ಕದಾಗಬೇಕು. ನಾಲಿಗೆ 'ಆ' ಅನ್ನುವ ಜಾಗದಿಂದ 'ಈ' ಅನ್ನುವ ಜಾಗಕ್ಕೆ ಏರಬೇಕು. ಬಾಯೊಳಗಿನ ಗಾಳಿಯ ಒತ್ತಡ ಜಾಸ್ತಿ ಬೇಕು ನಿಜ, ಆದರೆ ಹರಿಯುವ ಗಾಳಿಯ ಪ್ರಮಾಣ ಕಡಿಮೆ. "ಜೋರಾಗಿ ಊದು" ಅನ್ನೋರು ಗೊಂದಲ ಮಾಡಿಕೊಳ್ಳೋದೇ ಇಲ್ಲಿ.

ಮೇಲಿನ ಸ್ವರ ಅಂದ್ರೆ ಅಬ್ಬರ ಅಂತ ನಂಬಿರೋರು ರವೆಲ್‌ನ 'ಬೊಲೆರೊ' ಕೇಳಿ. 1928ರ ಕೃತಿ. ಅದರಲ್ಲಿ ಟ್ರೊಂಬೋನ್ ವಾದಕ ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಅದೇ 466 ಹರ್ಟ್ಸ್‌ನಿಂದ ಸೋಲೋ ಶುರುಮಾಡಿ 554ರವರೆಗೆ ಏರಬೇಕು. ಅದೂ ಅಬ್ಬರವಿಲ್ಲದೆ, ಹಾಡಿದ ಹಾಗೆ. ಜಗತ್ತಿನ ದೊಡ್ಡ ದೊಡ್ಡ ವಾದಕರೂ ಹೆದರುವ ಭಾಗ ಇದು. ಬಲಪ್ರದರ್ಶನದಿಂದ ಇದು ದಾಟೋದಿಲ್ಲ.

ಒತ್ತುವುದರ ಬೆಲೆ ಗೊತ್ತಾಗಬೇಕಾದರೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಥೆ ನೋಡಿ. ಟ್ರಂಪೆಟ್ಟಿನ ಎತ್ತರದ ಸ್ವರಗಳಿಗೆ ಹೆಸರಾದ ಆತ 1930ರ ದಶಕದಲ್ಲಿ ತುಟಿ ಹಾಳಾಗಿ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಬಾಯಿ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ ಆತನ ಅಡ್ಡಹೆಸರಿನಿಂದಲೇ 'ಸ್ಯಾಚ್ಮೋ ಸಿಂಡ್ರೋಮ್' ಅಂತ ಹೆಸರು ಬಂದಿದೆ. ಅಂಥ ಕಲಾವಿದನನ್ನೇ ಬಿಡದ ತುಟಿ ನಮ್ಮನ್ನು ಬಿಡುತ್ತಾ?

"ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನವರು ಗಂಟೆಗಟ್ಟಲೆ ಊದಲ್ವಾ?" ಅಂತ ಕೇಳ್ತಾರೆ. ಊದುತ್ತಾರೆ. ಆದರೆ ಅದು ಅವರ ಕಸುಬು, ಅವರ ತುಟಿ ವರ್ಷಗಳಿಂದ ಪಳಗಿದ್ದು. ದಸರಾದಲ್ಲಿ ನುಡಿಸುವ ಪೊಲೀಸ್ ಬ್ಯಾಂಡಿನವರ ವಿಷಯವೂ ಅಷ್ಟೇ. ಫೆಸ್ಟ್‌ಗೆ ಹತ್ತು ದಿನ ಇರುವಾಗ ಕೇಸ್ ತೆರೆಯುವ ಸೆಕೆಂಡ್ ಇಯರ್ ವಿದ್ಯಾರ್ಥಿಯ ತುಟಿಯನ್ನು ಅವರದಕ್ಕೆ ಹೋಲಿಸೋದು ನ್ಯಾಯವಲ್ಲ.

ನಮ್ಮ ಸಂಗೀತದಲ್ಲಿ ಇದಕ್ಕೆ ಹಳೆಯ ಉತ್ತರ ಇದೆ: ಮಂದ್ರ ಸಾಧನೆ. ಗಂಟಲು ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾದರೆ ತಾರಸ್ಥಾಯಿ ತಾನಾಗಿ ನಿಲ್ಲುತ್ತೆ ಅಂತ ಗಾಯಕರು ಹೇಳ್ತಾರೆ. ಹಿತ್ತಾಳೆ ವಾದ್ಯದ ಗುರುಗಳ ದಾರಿಯೂ ಇದೇ. ಕೆಳಗೆ ಮತ್ತು ಮಧ್ಯದಲ್ಲಿ ಉದ್ದ ಸ್ವರ, ಮೆಲ್ಲಗೆ. ಆಮೇಲೆ ಸ್ಲೈಡ್ ಅಲ್ಲಾಡಿಸದೆ ತುಟಿಯಿಂದಲೇ ಮೆಟ್ಟಿಲು ಹತ್ತಿ ಇಳಿಯುವುದು. ವಾರಗಳು ಕಳೆದಂತೆ ಒಂದೊಂದೇ ಮೆಟ್ಟಿಲು ಮೇಲೆ. ಸ್ವರ ಊದುವ ಮುಂಚೆ ಬಾಯಲ್ಲಿ ಹಾಡಿಕೊಳ್ಳಿ. ಕಿವಿಗೆ ಕೇಳಿಸದ ಸ್ವರವನ್ನು ತುಟಿ ಹುಡುಕಲಾರದು. ಎಷ್ಟು ಹೊತ್ತು ನುಡಿಸಿದಿರೋ ಅಷ್ಟೇ ಹೊತ್ತು ವಿಶ್ರಾಂತಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಇಂಟರ್ನಲ್ಸ್ ವಾರದಲ್ಲೂ!

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಫೆಸ್ಟ್ ಹಾಡುಗಳ ಪಟ್ಟಿ ಸೆಮಿಸ್ಟರ್ ಶುರುವಿನಲ್ಲೇ ಬ್ಯಾಂಡಿಗೆ ಸಿಗಲಿ. ಎರಡು, ಎತ್ತರಕ್ಕೆ ಹೋಗೋಕೆ ಆಗದಿದ್ದರೆ ಹಾಡಿನ ಶ್ರುತಿ ಇಳಿಸಿ. ಗಾಯಕರಿಗೆ ಖುಷಿಯಿಂದ ಮಾಡುವ ಈ ಉಪಕಾರ ಊದುವವರಿಗೂ ಸಲ್ಲಲಿ. ಮೂರು, ಯಾರಾದರೂ "ತುಟಿ ನೋಯ್ತಿದೆ" ಅಂದರೆ ಆ ದಿನ ವಾದ್ಯ ಕೇಸಿಗೆ ಹೋಗಲಿ, ಯಾರೂ ಗೇಲಿ ಮಾಡಬಾರದು. ಫೆಸ್ಟ್ ಮುಂದಿನ ವರ್ಷವೂ ಬರುತ್ತೆ. ಅದಕ್ಕೆ ಊದೋಕೆ ತುಟಿ ಉಳಿದಿರಬೇಕು ಅಷ್ಟೇ.