ಹೋಲಿಸಲಾರೆನೆಂಬ ವಿವೇಕ

ತೊಂಬತ್ತು ಮೂವತ್ತೈದಕ್ಕಿಂತ ದೊಡ್ಡದೆಂಬುದನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆದರೆ ೯೦ ಎಂಬ ಸಂಖ್ಯೆಗೂ, ಬರಿಯ ಬರವಣಿಗೆಯಾಗಿ ದಾಖಲಾದ ‘೩೫’ಕ್ಕೂ ಹಿರಿದು ಕಿರಿದೆಂಬ ಭೇದವನ್ನೆಣಿಸುವುದು ಹೇಗೆ? ಇಂತಹ ಪ್ರಶ್ನೆಗೆ ಗಣಕಯಂತ್ರವು ಏನಾದರೊಂದು ಉತ್ತರವನ್ನು ಕೊಡಲೇಬೇಕೆ? ಕೊಡಬಾರದೆಂಬುದೇ ನಮ್ಮ ಮತ.

ಗೀಡೊ ವಾನ್ ರಾಸಮ್ ಅವರು ೧೯೯೧ರಲ್ಲಿ ಮೊದಲು ಪ್ರಕಟಿಸಿದ ಪೈಥಾನ್ ಭಾಷೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ‘ಅ’ ಎಂಬ ವಸ್ತುವು ‘ಬ’ ಎಂಬುದಕ್ಕಿಂತ ಚಿಕ್ಕದೆ ಎಂದು ಕೇಳಿದರೆ, ಭಾಷೆಯು ತಾನಾಗಿ ತೀರ್ಪು ಹೇಳುವುದಿಲ್ಲ. ‘ಅ’ ಸೇರಿರುವ ವರ್ಗದ ನಿಯಮವನ್ನು ಮೊದಲು ವಿಚಾರಿಸುತ್ತದೆ. ಆ ನಿಯಮವು ‘ಹೌದು’ ಅಥವಾ ‘ಅಲ್ಲ’ ಎನ್ನಬಹುದು. ‘ಇದು ನನಗೆ ತಿಳಿಯದು’ ಎಂದೂ ಸೂಚಿಸಬಹುದು. ಹಾಗೆ ಸೂಚಿಸಿದಲ್ಲಿ ಪ್ರಶ್ನೆಯನ್ನು ತಿರುಗಿಸಿ, ‘ಬ’ವು ‘ಅ’ಕ್ಕಿಂತ ದೊಡ್ಡದೆ ಎಂದು ‘ಬ’ದ ವರ್ಗವನ್ನು ಕೇಳಲಾಗುವುದು. ‘ಬ’ವು ‘ಅ’ದ ವರ್ಗದಿಂದ ಹುಟ್ಟಿದ ಉಪವರ್ಗಕ್ಕೆ ಸೇರಿದ್ದರೆ ಮೊದಲ ಮಾತು ಅದರದೇ. ವಿಶೇಷವನ್ನು ಬಲ್ಲವರನ್ನು ಮೊದಲು ಕೇಳುವುದು ನ್ಯಾಯವಷ್ಟೆ. ಎರಡೂ ಕಡೆ ತಿಳಿಯದೆಂದರೆ ಕಾರ್ಯವು ದೋಷಸೂಚನೆಯೊಡನೆ ನಿಲ್ಲುತ್ತದೆ.

ಹಿಂದೆ ಹೀಗಿರಲಿಲ್ಲ. ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಸಂಖ್ಯೆಯು ಬರವಣಿಗೆಗಿಂತ ಯಾವಾಗಲೂ ಚಿಕ್ಕದೆಂದು ಗಣನೆಯಾಗುತ್ತಿತ್ತು. ಅಂಕಪಟ್ಟಿಯಲ್ಲಿ ಒಬ್ಬನ ಅಂಕವು ಕೈತಪ್ಪಿನಿಂದ ಬರವಣಿಗೆಯಾಗಿ ಸೇರಿತೆನ್ನಿ. ೩೫ ಪಡೆದ ಅವನು ೯೦ ಪಡೆದವನನ್ನು ಮೀರಿ ಪ್ರಥಮನಾಗುತ್ತಿದ್ದನು! ತಪ್ಪಾಯಿತೆಂದು ಯಂತ್ರವು ಸುಳಿವನ್ನೂ ಕೊಡುತ್ತಿರಲಿಲ್ಲ. ೨೦೦೮ರಲ್ಲಿ ಬಂದ ಮೂರನೆಯ ಆವೃತ್ತಿಯು ಈ ಪದ್ಧತಿಯನ್ನು ಕೈಬಿಟ್ಟಿತು. ಬಗೆಬಗೆಯ ವಸ್ತುಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವ ಸೌಕರ್ಯ ಇದರಿಂದ ತಪ್ಪಿತೆಂಬುದು ನಿಜ. ಆದರೆ ಮೌನವಾಗಿ ತಪ್ಪುವ ಯಂತ್ರಕ್ಕಿಂತ, ಅರಿಯೆನೆಂದು ನಿಲ್ಲುವ ಯಂತ್ರವೇ ಮೇಲು.

ಆದರೂ ನಾವು ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಸಮಾನತೆಯ ಪ್ರಶ್ನೆಯಲ್ಲಿ ಪೈಥಾನ್ ಹೀಗೆ ನಿಲ್ಲುವುದಿಲ್ಲ. ಎರಡು ವರ್ಗಗಳಿಗೂ ಉತ್ತರ ತಿಳಿಯದಿದ್ದರೆ, ಎರಡೂ ಒಂದೇ ವಸ್ತುವೆ ಎಂಬುದನ್ನಷ್ಟೇ ನೋಡಿ ತೀರ್ಪು ಹೇಳುತ್ತದೆ. ೩೫ ಎಂಬ ಸಂಖ್ಯೆಯೂ ‘೩೫’ ಎಂಬ ಬರವಣಿಗೆಯೂ ಸಮವಲ್ಲವೆಂದು ಸದ್ದಿಲ್ಲದೆ ಹೇಳಿಬಿಡುತ್ತದೆ. ನೂರು ರೂಪಾಯಿಯ ಎರಡು ನೋಟುಗಳನ್ನು ಸೂಚಿಸುವ ವಸ್ತುಗಳನ್ನು ನಾವು ರಚಿಸಿದರೂ ಅಷ್ಟೆ: ಬೆಲೆಯನ್ನು ನೋಡಬೇಕೆಂಬ ನಿಯಮವನ್ನು ನಾವೇ ಬರೆಯದ ಹೊರತು ಅವು ಸಮವಾಗಲಾರವು.

ಆದುದರಿಂದ ವಿದ್ಯಾರ್ಥಿಗಳು ಹೋಲಿಕೆಯ ಚಿಹ್ನೆಯನ್ನು ಬರೆಯುವ ಮೊದಲು, ಯಾವ ಗುಣದಲ್ಲಿ ಹೋಲಿಸುತ್ತಿದ್ದೇವೆಂದು ತಮ್ಮನ್ನೇ ಕೇಳಿಕೊಳ್ಳಬೇಕು. ಆ ನಿರ್ಣಯವು ಯಂತ್ರದ್ದಲ್ಲ, ನಮ್ಮದು.