ಕೈಗಳು ಕೊಡುವ ಮಾತು

ತಕ್ಬೀರ್ ಹೇಳಿ ಎರಡೂ ಕೈಗಳನ್ನೆತ್ತುವಾಗ ಲೋಕದ ವ್ಯವಹಾರಗಳನ್ನು ಬದಿಗಿರಿಸಿದೆವೆಂದು ನಾವು ಮೌನವಾಗಿ ಸಾರುತ್ತೇವೆ. ಸುಜೂದ್‌ನಲ್ಲಿ ಹಣೆಯನ್ನು ನೆಲಕ್ಕಿಟ್ಟು ಅಹಂಕಾರವನ್ನೂ ಅಲ್ಲಿಯೇ ಇಳಿಸುತ್ತೇವೆ. ಕೊನೆಗೆ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಶಾಂತಿಯನ್ನು ಹಾರೈಸುತ್ತೇವೆ. ದೈನಂದಿನ ಬದುಕಿಗೂ ಇಂತಹ ಸಂಕೇತಗಳು ಬೇಕು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಭೇಟಿಯ ನೆನಪಿಗಾಗಿ 1915ರಲ್ಲಿ ಎಡೇಹಳ್ಳಿಯು ನರಸಿಂಹರಾಜಪುರವಾಯಿತು. ಅತಿಥಿಯೊಬ್ಬರ ಗೌರವಾರ್ಥ ಊರೊಂದು ತನ್ನ ಹೆಸರನ್ನೇ ಬದಲಿಸಿಕೊಂಡಿತು.

ಆದರೆ ಸಂಕೇತಕ್ಕೆ ಸ್ವಂತ ಶಕ್ತಿಯಿಲ್ಲ. ಹಝ್ರತ್ ಉಮರ್(ರ) ಹಜರುಲ್ ಅಸ್ವದನ್ನು ಚುಂಬಿಸುವಾಗ, ಅದು ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡಲಾರದ ಕಲ್ಲು, ಪ್ರವಾದಿವರ್ಯರು(ಸ) ಚುಂಬಿಸಿದ್ದನ್ನು ಕಂಡುದರಿಂದಲೇ ತಾನೂ ಚುಂಬಿಸುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು. ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಮ್ಮ ತಖ್ವಾ ಎಂದು ಸೂರಃ ಅಲ್‌ಹಜ್ಜ್ ಎಚ್ಚರಿಸುತ್ತದೆ.

ಈ ಎಚ್ಚರಿಕೆಯನ್ನು ಮಲೆನಾಡಿನ ನಮ್ಮ ಅಡಿಕೆ ತೋಟಗಳ ನಡುವೆ ನಿಂತು ಕೇಳಬೇಕಾಗಿದೆ. ಈದ್‌ನ ದಿನ ಸಹೋದರರು ಪರಸ್ಪರ ಆಲಿಂಗಿಸುತ್ತಾರೆ. ತವರಿಗೆ ಬಂದ ಸಹೋದರಿಯ ಕೈಗೆ ಉಡುಗೊರೆಯನ್ನೂ ಇಡುತ್ತಾರೆ. ತಂದೆಯ ತೋಟವನ್ನು ಹಂಚುವ ದಿನ ಬಂದಾಗ ಅದೇ ಕೈಗೆ ಎಷ್ಟೋ ಮನೆಗಳಲ್ಲಿ ಹಕ್ಕು ಬಿಡುಗಡೆ ಪತ್ರವನ್ನು ನೀಡಲಾಗುತ್ತದೆ. ಸಹಿಯೂ ಒಂದು ಸಂಕೇತವೇ, ಸ್ವಇಚ್ಛೆಯ ಸಂಕೇತ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯನ್ನು ನಾವು ಯಾವುದರ ಸಂಕೇತವೆಂದು ಕರೆಯೋಣ?

ಹೆತ್ತವರು ಬಿಟ್ಟುಹೋದ ಸೊತ್ತು ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಸ್ತ್ರೀಯರಿಗೂ ಪಾಲು ನಿಶ್ಚಿತವೆಂದು ಸೂರಃ ಅನ್ನಿಸಾದ 7ನೇ ಸೂಕ್ತ ಸಾರುತ್ತದೆ. ಅದು ಸಹೋದರರ ಔದಾರ್ಯವಲ್ಲ, ಅಲ್ಲಾಹನು ವಿಧಿಸಿದ ಹಕ್ಕು. ಮದುವೆಗೆ ಮಾಡಿದ ಖರ್ಚು ಅದನ್ನು ಅಳಿಸಲಾರದು. ‘ಅವಳೇ ಸಂತೋಷದಿಂದ ಬಿಟ್ಟುಕೊಟ್ಟಳು’ ಎನ್ನುವವರುಂಟು. ಹಾಗಿದ್ದರೆ ಮೊದಲು ಪಾಲನ್ನು ಅಳೆದು ಅವಳ ವಶಕ್ಕೆ ಒಪ್ಪಿಸೋಣ. ಕೈಗೆ ಬಂದುದನ್ನು ಆಕೆ ಮರಳಿ ಕೊಟ್ಟರೆ ಅದು ದಾನ. ಕೈಗೇ ಬಾರದುದನ್ನು ದಾನವೆನ್ನುವುದು ನಮ್ಮ ಸಮಾಧಾನ ಮಾತ್ರ.

ನಮಾಝಿನಲ್ಲಿ ಎತ್ತಿದ ಕೈಗಳನ್ನು ಇಳಿಸಿದ ಬಳಿಕ ಅವು ಏನು ಮಾಡುತ್ತವೆ ಎಂಬುದಕ್ಕೂ ನಾವು ಉತ್ತರಿಸಬೇಕಾದ ದಿನವೊಂದಿದೆ. ಅತಿಥಿಯ ಗೌರವಕ್ಕಾಗಿ ಊರೇ ಹೆಸರು ಬದಲಿಸಿಕೊಂಡ ಈ ನೆಲದಲ್ಲಿ, ತೋಟದ ಪಹಣಿಯಲ್ಲಿ ಸಹೋದರಿಯ ಹೆಸರಿಗೆ ಒಂದು ಸಾಲಿನ ಜಾಗವಾದರೂ ಇರಲಿ. ಅಲ್ಲಾಹನು ನಮಗೆ ಅನುಗ್ರಹಿಸಲಿ.